ಎರಡಕ್ಕೂ ಒಪ್ಪುವ ಅಳತೆ

ಯಾವ ಎರಡು ಪೂರ್ಣಸಂಖ್ಯೆಗಳನ್ನು ತೆಗೆದುಕೊಂಡರೂ ಅವೆರಡನ್ನೂ ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳಲ್ಲಿ ಅತಿ ದೊಡ್ಡದೊಂದು ಇದ್ದೇ ಇರುತ್ತದೆ. ಶಾಲೆಯ ಗಣಿತದಲ್ಲಿ ಅದು ಮಹತ್ತಮ ಸಾಮಾನ್ಯ ಅಪವರ್ತನ, ಮ.ಸಾ.ಅ. ಅದನ್ನು ಕಂಡುಹಿಡಿಯುವ ಲೆಕ್ಕ ಸುಲಭ. ಅದು ಇದ್ದೇ ಇರುತ್ತದೆಂಬ ಭರವಸೆ ಎಲ್ಲಿಂದ ಬಂತು, ಸಂಖ್ಯೆಗಳಾಚೆಗೂ ಆ ಭರವಸೆ ಉಳಿಯುತ್ತದೆಯೇ ಎಂಬ ವಿಚಾರ ಮಾತ್ರ ಲೆಕ್ಕಕ್ಕೆ ಮುಗಿಯದೆ ದರ್ಶನದ ಅಂಗಳಕ್ಕೆ ಬರುತ್ತದೆ.

ಕ್ರಿ.ಪೂ. 300ರ ಸುಮಾರಿಗೆ ಯೂಕ್ಲಿಡ್ ‘ಎಲಿಮೆಂಟ್ಸ್’ ಗ್ರಂಥದ ಏಳನೆಯ ಭಾಗವನ್ನು ಈ ಲೆಕ್ಕದಿಂದಲೇ ಆರಂಭಿಸಿದ. 252 ಮತ್ತು 198 ಎಂಬ ಸಂಖ್ಯೆಗಳಿವೆ ಎನ್ನೋಣ. 252ನ್ನು 198ರಿಂದ ಭಾಗಿಸಿದರೆ 54 ಉಳಿಯುತ್ತದೆ. 198ನ್ನು 54ರಿಂದ ಭಾಗಿಸಿದರೆ 36, 54ನ್ನು 36ರಿಂದ ಭಾಗಿಸಿದರೆ 18 ಉಳಿಯುತ್ತದೆ. 36ರಲ್ಲಿ 18 ಎರಡು ಸಲ ಹೋಗಿ ಏನೂ ಉಳಿಯುವುದಿಲ್ಲ, ಮ.ಸಾ.ಅ. 18. ಭಾಜ್ಯ, ಭಾಜಕ ಎರಡನ್ನೂ ಭಾಗಿಸುವ ಸಂಖ್ಯೆ ಶೇಷವನ್ನೂ ಭಾಗಿಸಲೇಬೇಕು. ಭಾಜಕವನ್ನೂ ಶೇಷವನ್ನೂ ಭಾಗಿಸುವುದು ಭಾಜ್ಯವನ್ನೂ ಭಾಗಿಸುತ್ತದೆ. ಹೀಗಾಗಿ ಸಂಖ್ಯೆಗಳು ಕಿರಿದಾಗುತ್ತ ಹೋದರೂ ಅವುಗಳ ಸಾಮಾನ್ಯ ಅಪವರ್ತನಗಳಲ್ಲಿ ಒಂದೂ ಕಳೆದುಹೋಗುವುದಿಲ್ಲ, ಹೊಸದೊಂದು ಸೇರುವುದೂ ಇಲ್ಲ.

ಇಲ್ಲಿ ಗಮನಿಸಬೇಕಾದದ್ದು, ಎರಡು ಸಂಖ್ಯೆಗಳಿಗೆ ಸಮಾನವಾದದ್ದನ್ನು ತಿಳಿಯಲು ಒಂದೊಂದರ ಒಳರಚನೆಯನ್ನು ತಿಳಿಯಬೇಕಾಗಿಲ್ಲ ಎಂಬುದು. ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸುವ ಇನ್ನೊಂದು ವಿಧಾನ ಸಣ್ಣ ಸಂಖ್ಯೆಗಳಿಗೆ ಸಾಕು. ನೂರಾರು ಅಂಕಿಗಳ ಸಂಖ್ಯೆಯನ್ನು ಹಾಗೆ ಬಿಡಿಸುವುದು ಇಂದಿನ ಕಂಪ್ಯೂಟರುಗಳಿಗೂ ದುಸ್ಸಾಧ್ಯ. ಪರಸ್ಪರ ಭಾಗಾಕಾರದ ಹಂತಗಳಾದರೋ ಚಿಕ್ಕ ಸಂಖ್ಯೆಯ ಅಂಕಿಗಳ ಐದು ಪಟ್ಟನ್ನು ಎಂದೂ ಮೀರುವುದಿಲ್ಲವೆಂದು ಫ್ರಾನ್ಸಿನ ಗೇಬ್ರಿಯಲ್ ಲಾಮೆ 1844ರಲ್ಲಿ ಸಾಧಿಸಿದ.

ಕೊಟ್ಟ ಸಂಖ್ಯೆಯಿಂದ ಗುಣಿಸಿ ಇನ್ನೊಂದನ್ನು ಕೂಡಿಸಿದಾಗ ಮೂರನೆಯದರಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಯನ್ನು ಹುಡುಕುವ ವಿಧಾನಕ್ಕೆ ಭಾರತದಲ್ಲಿ ಕುಟ್ಟಕವೆಂದು ಹೆಸರು; ಇದೇ ಪರಸ್ಪರ ಭಾಗಾಕಾರ ಅದರ ತಿರುಳು. ಆರ್ಯಭಟ 499ರ ಕಾಲದ ‘ಆರ್ಯಭಟೀಯ’ದಲ್ಲಿ ಕುಟ್ಟಕವನ್ನು ಸೂತ್ರರೂಪದಲ್ಲಿ ಹೇಳಿದ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಅದನ್ನು ವಿಸ್ತರಿಸಿದ. ಒಂದು ಸಂಖ್ಯೆಯನ್ನು 252ರಿಂದ ಗುಣಿಸಿ 10 ಕೂಡಿಸಿದಾಗ ಬರುವುದು 198ರಿಂದ ನಿಶ್ಶೇಷವಾಗಿ ಭಾಗವಾಗಬೇಕು ಎಂದು ಯಾರಾದರೂ ಕೇಳಿದರೆ ಅಂಥ ಸಂಖ್ಯೆ ಸಿಗದು, ಏಕೆಂದರೆ 18 ಹತ್ತನ್ನು ಭಾಗಿಸುವುದಿಲ್ಲ. ಇಂಥ ಪ್ರಶ್ನೆಯೇ ದುಷ್ಟವೆಂದು ಎರಡನೆಯ ಭಾಸ್ಕರ ‘ಲೀಲಾವತಿ’ಯಲ್ಲಿ ಹೇಳುತ್ತಾನೆ. ಉತ್ತರ ಸಿಗದಿರುವುದು ಹುಡುಕುವವನ ಅಸಾಮರ್ಥ್ಯವಲ್ಲ, ಪ್ರಶ್ನೆಯಲ್ಲೇ ಇರುವ ದೋಷ ಎಂಬ ಈ ವಿವೇಕ ಬಹಳ ದೊಡ್ಡದು.

ಇನ್ನು ಭರವಸೆಯ ಮೂಲ. ಶೇಷ ಪ್ರತಿ ಹಂತದಲ್ಲೂ ಕಿರಿದಾಗುತ್ತದೆ. ಪೂರ್ಣಸಂಖ್ಯೆಗಳಲ್ಲಿ ಕೊನೆಯಿಲ್ಲದೆ ಇಳಿಯಲು ಜಾಗವಿಲ್ಲ, ಕೆಳಗೆ ಒಂದು ಕಾದಿರುತ್ತದೆ. ಯೂಕ್ಲಿಡನ ಪ್ರಕಾರ ಸಂಖ್ಯೆಯೆಂದರೆ ಏಕಗಳ ಸಮೂಹ. ಎಣಿಸುವ ಮೊದಲೇ ಏಕವನ್ನು ಒಪ್ಪಿರುವುದರಿಂದ ಎಲ್ಲಕ್ಕೂ ಒಪ್ಪುವ ಅಳತೆಯೊಂದು ಆಗಲೇ ಕೈಯಲ್ಲಿದೆ; ಅದಕ್ಕಿಂತ ದೊಡ್ಡದಿದೆಯೇ ಎಂಬುದಷ್ಟೇ ಹುಡುಕಾಟ.

ಉದ್ದಗಳ ವಿಷಯದಲ್ಲಿ ಅಂಥ ಏಕ ತಾನಾಗಿ ಸಿಗುವುದಿಲ್ಲ. ಚೌಕದ ಕರ್ಣದಿಂದ ಬಾಹುವನ್ನು ಕಳೆದು, ಉಳಿದದ್ದರಿಂದ ಬಾಹುವನ್ನು ಅಳೆದರೆ ಎರಡು ಸಲ ಹೋಗಿ ಸ್ವಲ್ಪ ಉಳಿಯುತ್ತದೆ. ಆ ಉಳಿಕೆಯಿಂದ ಹಿಂದಿನದನ್ನು ಅಳೆದರೆ ಮತ್ತೆ ಎರಡು ಸಲ, ಮತ್ತೆ ಉಳಿಕೆ. ಪ್ರಮಾಣ ಪ್ರತಿ ಸಲವೂ ಅದೇ ಆದ್ದರಿಂದ ಕೊನೆಯೆಂಬುದಿಲ್ಲ. ಯಜ್ಞವೇದಿಗಳ ಅಳತೆ ಹೇಳುವ ಬೌಧಾಯನ ಶುಲ್ಬಸೂತ್ರದ ನಿಯಮದಂತೆ ಬಾಹು 408 ಆದರೆ ಕರ್ಣ 577. ಈ ಸಂಖ್ಯೆಗಳನ್ನು ಪರಸ್ಪರ ಭಾಗಿಸಿದರೆ ಮೊದಲ ಭಾಗಲಬ್ಧ 1, ಆಮೇಲೆ ಏಳು ಸಲ 2 ಬಂದು ಲೆಕ್ಕ ನಿಲ್ಲುತ್ತದೆ. ನಿಜವಾದ ಕರ್ಣದಲ್ಲಿ ಆ 2 ನಿಲ್ಲುವುದೇ ಇಲ್ಲ. 577ರ ವರ್ಗ 332929, 408ರ ವರ್ಗದ ಇಮ್ಮಡಿ 332928: ತಪ್ಪಿರುವುದು ಒಂದೇ ಒಂದು. ಯಜ್ಞವೇದಿಯ ಅಳತೆಗೆ ಅದು ಬೇಕಾದಷ್ಟಾಯಿತು. ಆದರೆ ಎಂಥ ಪೂರ್ಣಸಂಖ್ಯೆಗಳನ್ನು ತಂದರೂ ಆ ಒಂದರಂಥ ಕೊರತೆಯೋ ಹೆಚ್ಚಳವೋ ಉಳಿದೇ ಉಳಿಯುತ್ತದೆ. ಯೂಕ್ಲಿಡ್ ತನ್ನ ಹತ್ತನೆಯ ಭಾಗದಲ್ಲಿ ಈ ಮುಗಿಯದಿರುವಿಕೆಯನ್ನೇ ಸಮಾನ ಅಳತೆಯಿಲ್ಲದ ಪರಿಮಾಣಗಳ ಲಕ್ಷಣವನ್ನಾಗಿ ಮಾಡಿದ.

ಹಾಗಾದರೆ ಜಗತ್ತಿನ ವಸ್ತುಗಳು ಎಣಿಕೆಯಂತಿವೆಯೋ ಗೆರೆಯಂತಿವೆಯೋ? ನ್ಯಾಯ-ವೈಶೇಷಿಕರು ಪರಮಾಣುವನ್ನು ಸಾಧಿಸಲು ಕೊಡುವ ವಾದ ಇಲ್ಲಿಗೆ ನೇರವಾಗಿ ಸಂಬಂಧಿಸಿದೆ. ಅವಯವಗಳ ವಿಭಾಗಕ್ಕೆ ಕೊನೆಯಿಲ್ಲವೆಂದರೆ ಮೇರುಪರ್ವತಕ್ಕೂ ಸಾಸಿವೆಕಾಳಿಗೂ ಅನಂತ ಅವಯವಗಳೇ; ಎರಡರ ಪರಿಮಾಣ ಒಂದೇ ಎಂದಾಗುತ್ತದೆ. ಆದ್ದರಿಂದ ವಿಭಾಗ ಎಲ್ಲೋ ನಿಲ್ಲಬೇಕು, ಇಲ್ಲವಾದರೆ ಕೊನೆಗಾಣದ ಅನವಸ್ಥೆ; ಅದು ನಿಲ್ಲುವಲ್ಲಿ ಇರುವುದೇ ಪರಮಾಣು. ಪರಮಾಣುವೆಂಬುದು ಉದ್ದದ ಏಕವಾಗಿದ್ದರೆ ಬಾಹುವೂ ಕರ್ಣವೂ ಅದರ ಪೂರ್ಣಸಂಖ್ಯೆಯ ಪಟ್ಟುಗಳಾಗಬೇಕಿತ್ತು, ಅದು ಅಸಾಧ್ಯ. ಆದರೆ ವೈಶೇಷಿಕರನ್ನು ಈ ಆಕ್ಷೇಪದಿಂದ ಕೆಡವಿಬಿಡುವುದು ಅನ್ಯಾಯ. ಅವರ ಮತದಲ್ಲಿ ಎರಡು ಪರಮಾಣುಗಳು ಕೂಡಿದ ದ್ವ್ಯಣುಕದ ಪರಿಮಾಣ ಹುಟ್ಟುವುದು ಪರಮಾಣುಗಳ ಗಾತ್ರ ಕೂಡಿದ್ದರಿಂದಲ್ಲ, ಅವುಗಳಲ್ಲಿರುವ ಎರಡು ಎಂಬ ಸಂಖ್ಯೆಯಿಂದ. ಮೂರು ದ್ವ್ಯಣುಕಗಳು ಕೂಡಿದ ತ್ರ್ಯಣುಕದ ಮಹತ್ತ್ವಕ್ಕೂ, ಎಂದರೆ ದೊಡ್ಡ ಗಾತ್ರಕ್ಕೂ, ದ್ವ್ಯಣುಕಗಳ ಸಂಖ್ಯೆಯೇ ಕಾರಣ. ಪರಮಾಣುವನ್ನು ಅಳತೆಗೋಲಾಗಿ ಸಾಲಿಗಿಟ್ಟು ಕರ್ಣವನ್ನು ಎಣಿಸಬಹುದೆಂದು ಆ ದರ್ಶನ ಹೇಳಿಲ್ಲ.