ಹತ್ತು ಜನರ ಲೆಕ್ಕ

ಯೆಹೂದಿಗಳಲ್ಲಿ ಒಂದು ಕಟ್ಟಳೆ ಇದೆ. ಹತ್ತು ಜನ ವಯಸ್ಕ ಗಂಡಸರು ಸೇರದೆ ತೋರಾ ಗ್ರಂಥದ ಸುರುಳಿ ಬಿಚ್ಚಿ ಸಭೆಯಲ್ಲಿ ಓದುವಂತಿಲ್ಲ. (ಹೆಂಗಸರನ್ನು ಈ ಲೆಕ್ಕದಿಂದ ಬಿಟ್ಟದ್ದು ಬೇರೆಯೇ ಜಗಳ, ಈಗ ಕೆಲವು ಪಂಗಡಗಳು ಅವರನ್ನೂ ಎಣಿಸುತ್ತವೆ.) ಒಬ್ಬನೇ ಮೂಲೆಯಲ್ಲಿ ಕೂತು ದೇವರನ್ನು ಕೂಗಿಕೊಂಡರೆ ಸಾಲದು, ಜೊತೆಗೆ ಜನ ಬೇಕು ಅನ್ನುವ ಮಾತು ನನಗೆ ಹಿಡಿಸಿತು. ಆದರೆ ಆ ಹತ್ತರಲ್ಲಿ ನೀನೂ ಒಬ್ಬ ಅಂತ ಹೇಳುವವರು ಯಾರು? ಕೆಲವರು ತಮಗೆ ಸರಿಹೊಂದುವ ಸಭೆ ಯಾವುದು ಅಂತ ಹುಡುಕುತ್ತಾರೆ. ಸಭೆಯೇ ಬೇಡ ಅಂದವನ ಹುಡುಕಾಟ ಎಂಥದ್ದು?

ಇದನ್ನು ಕೇಳಲು ಜೆರುಸಲೇಮಿಗೆ ಹೋಗಬೇಕಿಲ್ಲ, ಪಕ್ಕದ ಕೊಚ್ಚಿ ಸಾಕು. ಮಟ್ಟಾಂಚೇರಿಯಲ್ಲಿ, ರಾಜನ ಅರಮನೆಗೆ ಹತ್ತಿಕೊಂಡಂತೆ, 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ಇದೆ. ಸ್ಪೇನ್ ಮುಂತಾದ ಕಡೆಯ ಹಿಂಸೆಯಿಂದ ಓಡಿಬಂದವರ ವಂಶದವರು ಕಟ್ಟಿದ್ದು. ಅವರೊಳಗೇ 'ಮೆಶುಹ್ರಾರಿಂ' ಅಂತ ಒಂದು ವರ್ಗ. ಹಾಗಂದರೆ ಬಿಡುಗಡೆಯಾದವರು, ಗುಲಾಮಗಿರಿಯಿಂದ ಬಿಟ್ಟ ಆಳುಗಳ ಮಕ್ಕಳು ಮೊಮ್ಮಕ್ಕಳು. ಬಿಡುಗಡೆ ಹೆಸರಲ್ಲಿ ಮಾತ್ರ. ಕೂರುವ ಜಾಗ ಹೊರಗಿನ ಅಂಕಣದಲ್ಲಿ, ನೆಲದ ಮೇಲೆ. ತೋರಾ ಓದಲು ಕರೆಯಿಲ್ಲ. ಹೆಣ್ಣು ಕೊಟ್ಟು ತರುವುದಿಲ್ಲ.

ಅವರ ಶಾಸ್ತ್ರ ಹೀಗೆ ಹೇಳಿತ್ತಾ? ಇಲ್ಲ. 16ನೇ ಶತಮಾನದಲ್ಲೇ ಕೊಚ್ಚಿಯ ಇಂಥದೇ ತಕರಾರು ಕೈರೋದ ರಬ್ಬಿ ಡೇವಿಡ್ ಇಬ್ನ್ ಜಿಮ್ರಾ ಹತ್ತಿರ ಹೋಗಿತ್ತು. ವಿಧಿಪ್ರಕಾರ ಮುಳುಗುಸ್ನಾನ ಆದರೆ ಇವರೂ ಯೆಹೂದಿಗಳೇ, ಮದುವೆಯೂ ಆಗಬಹುದು ಅಂತ ಆತ ತೀರ್ಪು ಕೊಟ್ಟ. ತೀರ್ಪು ಕಡಲು ದಾಟಿ ಬಂತು, ಮನಸ್ಸಿನೊಳಕ್ಕೆ ಇಳಿಯಲಿಲ್ಲ. ಶಾಸ್ತ್ರ ತಿದ್ದಿದರೆ ಜಾತಿ ಹೋಗುತ್ತೆ ಅನ್ನುವ ಗೆಳೆಯರು ಇದನ್ನು ಸ್ವಲ್ಪ ಯೋಚಿಸಬೇಕು.

ಹಾಗಾದರೆ ಎದ್ದು ಹೋಗಬಹುದಿತ್ತಲ್ಲ? ಮಟ್ಟಾಂಚೇರಿಯಲ್ಲೇ ಮಲಬಾರಿ ಯೆಹೂದಿಗಳ ಸಿನಗಾಗುಗಳಿದ್ದವು. ಅವರು ಪರದೇಶಿಗಳಿಗಿಂತ ಎಷ್ಟೋ ಹಳಬರು, ಆದರೂ ಪರದೇಶಿಗಳ ಬಾಯಲ್ಲಿ 'ಕರಿ ಯೆಹೂದಿ'ಗಳು. ಕಷ್ಟ ಇರುವುದು ಇಲ್ಲೇ. ಆ 'ಕರಿಯ'ರೂ ತಮ್ಮ ಆಳುಗಳ ವಂಶದವರನ್ನು ಕೀಳಾಗಿಯೇ ಇಟ್ಟಿದ್ದರು. ತುಳಿಸಿಕೊಂಡವನು ತನ್ನ ಕಾಲಡಿಗೆ ಇನ್ನೊಬ್ಬನನ್ನು ಹುಡುಕಿಕೊಂಡಿದ್ದ. ಹೊಲಗೇರಿಗೂ ಮಾದಿಗರ ಕೇರಿಗೂ ನಡುವಿನ ಗೆರೆ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಅಬ್ರಹಾಂ ಬರಾಕ್ ಸೇಲಂ (1882-1967) ಈ ಬಿಡುಗಡೆಯಾದವರ ಕುಲದವರು. ಮದರಾಸಿನಲ್ಲಿ ಓದಿ ವಕೀಲರಾದರು, ಕೊಚ್ಚಿಯ ಶಾಸನಸಭೆಯಲ್ಲಿ ಕೂತರು. ಕೋರ್ಟಿನಲ್ಲಿ ಎದ್ದು ನಿಂತು ವಾದಿಸುವವರಿಗೆ ದೇವರ ಮನೆಯಲ್ಲಿ ಬೆಂಚಿಲ್ಲ! ಪದವಿ ಹಿಡಿದು ಊರಿಗೆ ಮರಳಿದ ನಮ್ಮ ಹುಡುಗರಿಗೆ ಈ ಉರಿ ಗೊತ್ತು. ಸೇಲಂ ಕೆಲಕಾಲ ಸಿನಗಾಗಿಗೆ ಬಹಿಷ್ಕಾರ ಹಾಕಿದರು. ಆಮೇಲೆ ಗಾಂಧಿಯ ಸತ್ಯಾಗ್ರಹ ಹಿಡಿದು ಒಳಗೇ ಹೋರಾಡಿದರು. ಗಾಂಧಿ ಅಂದರೆ ನಮ್ಮಲ್ಲಿ ಹಲವರು ಮುಖ ಸಿಂಡರಿಸುತ್ತಾರೆ, ನಾನೂ. ಆದರೆ ಆ ದಾರಿ ಅಲ್ಲಿ ನಡೆಯಿತು. ನಿರ್ಬಂಧಗಳು ನಿಧಾನಕ್ಕೆ ಸಡಿಲಿದವು. ಮದುವೆಯ ಗೋಡೆ ಮಾತ್ರ ಗಟ್ಟಿ. ಸೇಲಂರ ಮಗ 1950ರಲ್ಲಿ ಪರದೇಶಿ ಮನೆತನದ ಹುಡುಗಿಯನ್ನು ಮದುವೆಯಾದದ್ದು ಊರಲ್ಲಲ್ಲ, ಬೊಂಬಾಯಿಯಲ್ಲಿ.

ಬಾಬಾಸಾಹೇಬರು 1930ರಲ್ಲಿ ನಾಸಿಕದ ಕಾಳಾರಾಮ ಗುಡಿಯ ಬಾಗಿಲು ತಟ್ಟಿಸಿದರು, 1935ರಲ್ಲಿ ಹಿಂದೂವಾಗಿ ಸಾಯಲಾರೆ ಅಂದರು, 1956ರಲ್ಲಿ ನಡೆದೇಬಿಟ್ಟರು. ಸೇಲಂ ಉಳಿದರು. ಯಾರು ಸರಿ? ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಸೇಲಂ ತಮ್ಮ ಗ್ರಂಥವನ್ನೇ ತೋರಿಸಿ, ಇದರಲ್ಲಿ ನನಗೆ ಜಾಗ ಇದೆ, ನೀವು ಕದ್ದಿದ್ದೀರಿ ಅನ್ನಬಹುದಿತ್ತು. ನಮಗೆ ತೋರಿಸಿದ ಗ್ರಂಥದಲ್ಲೇ ನಮ್ಮನ್ನು ಹೊರಗೆ ನೂಕಿತ್ತು. ಅದನ್ನು 1927ರಲ್ಲಿ ಮಹಾಡದಲ್ಲಿ ಸುಡಬೇಕಾಯಿತು. ಕದ್ದ ಜಾಗವನ್ನು ಕೇಳಿ ಪಡೆಯಬಹುದು, ಇಲ್ಲದ ಜಾಗವನ್ನು ಹೊಸದಾಗಿ ಕಟ್ಟಬೇಕು. ಕಟ್ಟುವಾಗ ನಮ್ಮ ಅಂಕಣದಲ್ಲಿ ಯಾರನ್ನು ಕೂರಿಸುತ್ತೇವೆ ಅನ್ನುವುದನ್ನೂ ನೋಡಿಕೊಳ್ಳಬೇಕು.

ಇಸ್ರೇಲ್ ಹುಟ್ಟಿದ ಮೇಲೆ, ಐವತ್ತರ ದಶಕದಿಂದ, ಕೊಚ್ಚಿಯ ಯೆಹೂದಿಗಳಲ್ಲಿ ಬಹುಪಾಲು ಜನ ಅಲ್ಲಿಗೆ ಹೊರಟುಹೋದರು. ಸೇಲಂ ಕೊಚ್ಚಿಯಲ್ಲೇ ತೀರಿಕೊಂಡರು. ಸಿನಗಾಗಿನ ಬೀದಿಗೆ ಈಗ ಅವರ ಹೆಸರಿದೆ. ಒಳಗೆ ಹತ್ತು ಜನ ಸೇರಬೇಕಾದರೆ ಹೊರಗಿನಿಂದ ಬಂದ ಪ್ರವಾಸಿ ಯೆಹೂದಿಗಳನ್ನು ಕರೆದು ಎಣಿಸಬೇಕು.