ಅವರು ಬಡಿಸಿದ್ದನ್ನು ಉಂಡು ಬನ್ನಿ



ಇಂದಿನ ಶುಭಸಂದೇಶ ಲೂಕರ ಹತ್ತನೆಯ ಅಧ್ಯಾಯದಿಂದ ಬಂದಿದೆ. ಯೇಸುಸ್ವಾಮಿ ಎಪ್ಪತ್ತೆರಡು ಮಂದಿಯನ್ನು ಇಬ್ಬಿಬ್ಬರಾಗಿ ಊರೂರಿಗೆ ಕಳಿಸುತ್ತಾರೆ. ಕಳಿಸುವಾಗ ಅವರ ಕೈಗೆ ಏನನ್ನೂ ಕೊಡುವುದಿಲ್ಲ, ಇದ್ದದ್ದನ್ನೂ ಬಿಟ್ಟುಹೋಗಿ ಎನ್ನುತ್ತಾರೆ. ಹಣದ ಚೀಲ ಬೇಡ, ಜೋಳಿಗೆ ಬೇಡ, ಪಾದರಕ್ಷೆಯೂ ಬೇಡ. ಬರಮಾಡಿಕೊಂಡ ಮನೆಯಲ್ಲೇ ಉಳಿಯಬೇಕು, ಅವರು ಬಡಿಸಿದ್ದನ್ನು ಉಣ್ಣಬೇಕು, ಮನೆಯಿಂದ ಮನೆಗೆ ಅಲೆಯಬಾರದು. ರೋಗಿಗಳನ್ನು ಗುಣಪಡಿಸುವ ಮಾತು ಬರುವುದು ಊಟದ ಮಾತಿನ ನಂತರ. ಈ ಕ್ರಮವನ್ನು ದಯವಿಟ್ಟು ಗಮನಿಸಿ. ಕೊಡಲು ಹೊರಟವರು ಮೊದಲು ಕೈಯೊಡ್ಡಬೇಕು.

ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಗಳಲ್ಲಿ ಇದು ಸೂಟ್‌ಕೇಸ್ ಕಟ್ಟುವ ಕಾಲ. ಜರ್ಮನಿ, ಐರ್ಲೆಂಡ್, ಕೆನಡಾ, ಅಮೆರಿಕ ಎಂದು ಮಕ್ಕಳು ಹೊರಟಿದ್ದಾರೆ. ತಾಯಂದಿರು ಚಟ್ನಿಪುಡಿ, ಉಪ್ಪಿನಕಾಯಿ ತೂಗಿ ತೂಗಿ ಇಡುತ್ತಿದ್ದಾರೆ, ತಂದೆಯಂದಿರು ಬ್ಯಾಂಕ್ ಸಾಲದ ಕಾಗದಪತ್ರ ಹಿಡಿದು ಓಡಾಡುತ್ತಿದ್ದಾರೆ. ಪೂಜೆಯಾದ ಮೇಲೆ ಪ್ರಯಾಣದ ಆಶೀರ್ವಾದ ಕೇಳಿಕೊಂಡು ಬರುವ ನಿಮ್ಮನ್ನು ನೋಡಿದರೆ ನನಗೆ ಸಂತೋಷವೇ. ನಿಮಗೇ ಈ ಮಾತು. ಅಲ್ಲಿನ ಎಷ್ಟೋ ವಿಶ್ವವಿದ್ಯಾಲಯಗಳು ರಜೆಯಲ್ಲಿ ವಿದ್ಯಾರ್ಥಿಗಳನ್ನು ಕೆನ್ಯಾಕ್ಕೋ ನೇಪಾಳಕ್ಕೋ ನಮ್ಮ ದೇಶಕ್ಕೋ ‘ಕಲಿಕೆಗೆ’ ಎಂದು ಕಳಿಸುತ್ತವೆ. ನೀವೂ ಹೋಗುವಿರಿ. ಇಲ್ಲವೇ ಡಿಸೆಂಬರ್ ರಜೆಗೆ ಬಂದಾಗ ಅಲ್ಲಿನ ಗೆಳೆಯರನ್ನು ಕರೆತಂದು ನಮ್ಮ ಊರಿನ ಬಡವರ ಕೇರಿ ತೋರಿಸುವಿರಿ. ಬಡವರ ಮನೆಗೆ ಹೇಗೆ ಹೋಗಬೇಕು ಎಂಬುದನ್ನು ಹೊರಡುವ ಮೊದಲೇ ಯೋಚಿಸಿಕೊಳ್ಳಿ.

2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ನಗರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ್ದು ನಿಮಗೆ ನೆನಪಿದೆ. ಇಂಥ ಹೊತ್ತಿನಲ್ಲೆಲ್ಲ ಕಂಬಳಿ, ಅಕ್ಕಿ, ಬಿಸ್ಕತ್ತು ಹೊತ್ತು ಜನ ಬರುತ್ತಾರೆ, ಬರಲೇಬೇಕು. ಆದರೆ ಒಂದು ಕಂಬಳಿಯನ್ನು ನಾಲ್ಕು ಜನ ಹಿಡಿದು, ಪಡೆಯುವ ಅಜ್ಜಿಯನ್ನು ಕ್ಯಾಮೆರಾ ಕಡೆ ತಿರುಗಿಸಿ ನಿಲ್ಲಿಸುತ್ತಾರಲ್ಲ, ಆಗ ಆ ಅಜ್ಜಿ ಸೆರಗೆಳೆದು ಮುಖ ಮುಚ್ಚಿಕೊಳ್ಳುತ್ತಾಳೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದು ನಮ್ಮ ಸ್ವಾಮಿ ಕಲಿಸಿದ್ದು ಕೊಡುವವನ ಅಹಂಕಾರ ಮುರಿಯಲು ಮಾತ್ರ ಎಂದು ನಾವು ತಿಳಿದಿದ್ದೇವೆ. ಪಡೆಯುವವಳ ಮಾನವನ್ನು ಕಾಯುವುದೂ ಆ ಮಾತೇ.

ನಮ್ಮ ದೇಶದ ಕಾನೂನಿಗೂ ಈ ಎಚ್ಚರವಿದೆ. ಬಾಲಮಂದಿರ, ಅನಾಥಾಲಯಗಳಲ್ಲಿ ಆಶ್ರಯ ಪಡೆದ ಮಕ್ಕಳ ಗುರುತು ತಿಳಿಯುವಂತೆ ಹೆಸರು, ಶಾಲೆ, ಚಿತ್ರ ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಂ ನಿಷೇಧಿಸುತ್ತದೆ. ಅದಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ. ಹುಟ್ಟುಹಬ್ಬದ ದಿನ ಅಂಥ ಮಕ್ಕಳಿಗೆ ಕೇಕ್ ಹಂಚಿ ಸ್ಟೇಟಸ್ ಹಾಕುವ ನಮ್ಮ ಯುವಕರಿಗೆ ಇದು ಗೊತ್ತಿರಲಿ.

ಇನ್ನು, ಯಾರು ಯಾರಿಗೆ ಲೋಕ ತೋರಿಸಬೇಕು? ಶಿವಮೊಗ್ಗ, ದಾವಣಗೆರೆ ಕಡೆಯ ಹಕ್ಕಿಪಿಕ್ಕಿ ಕ್ಯಾಂಪ್‌ಗಳನ್ನು ನೀವು ಬಸ್ಸಿನ ಕಿಟಕಿಯಿಂದ ನೋಡಿರಬಹುದು. ಹಿಂದೆ ಬೇಟೆಯಾಡಿ ಬದುಕಿದ ಜನ. ಈಗ ಗಿಡಮೂಲಿಕೆಯ ಎಣ್ಣೆ ಮಾರಿಕೊಂಡು ಆಫ್ರಿಕಾದ ದೇಶಗಳನ್ನು ಸುತ್ತುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಸೇನೆ ಮತ್ತು ಅರೆಸೇನೆಯ ನಡುವೆ ಕಾಳಗ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ಮೈಸೂರು, ದಾವಣಗೆರೆ, ಶಿವಮೊಗ್ಗ ಜಿಲ್ಲೆಗಳ ಹಕ್ಕಿಪಿಕ್ಕಿಗಳಿದ್ದರು. ಅನ್ನ ನೀರಿಲ್ಲದೆ ಕೋಣೆಗಳಲ್ಲಿ ಅಡಗಿದ್ದ ಅವರನ್ನು ‘ಆಪರೇಷನ್ ಕಾವೇರಿ’ಯ ಮೂಲಕ ಭಾರತಕ್ಕೆ ಕರೆತರಲಾಯಿತು. ಮನೆಯಲ್ಲಿ ತಮ್ಮದೇ ವಾಗ್ರಿ ಮಾತು, ಸಂತೆಯಲ್ಲಿ ಕನ್ನಡ, ದಾರಿಯಲ್ಲಿ ಹಿಂದಿ, ಪರದೇಶದಲ್ಲಿ ಅಲ್ಲಲ್ಲಿನ ನಾಲ್ಕು ಮಾತು. ನಮ್ಮ ಎಂಜಿನಿಯರಿಂಗ್ ಹುಡುಗ ಮೊದಲ ವೀಸಾಕ್ಕೆ ಕಾಯುತ್ತಿರುವಾಗ ಆ ಕ್ಯಾಂಪಿನ ತಾಯಿ ಎರಡು ಮೂರು ದೇಶ ಕಂಡು ಬಂದಿರುತ್ತಾಳೆ. ಗುಡಿಸಲನ್ನಷ್ಟೇ ನೋಡಿ ಮರಳುವವನಿಗೆ ಈ ಸಂಗತಿ ತಿಳಿಯುವುದೇ ಇಲ್ಲ. ಕೂತು ಕೇಳಿದವನಿಗೆ ಆಕೆ ಹೇಳುತ್ತಾಳೆ. ಪರದೇಶದಲ್ಲಿ ಹೆದರದೆ ಬದುಕುವುದನ್ನು ನೀವು ಆಕೆಯಿಂದಲೇ ಕಲಿಯಬಹುದು.

ಕೂರುವುದು ಎಂದೆ. ಅದು ಸುಲಭವಲ್ಲ. ಬಡವರ ಮನೆಗೆ ಹೋದಾಗ ನಡೆಯುವುದು ನನಗೆ ಚೆನ್ನಾಗಿ ಗೊತ್ತು. ಮಡಚಿಟ್ಟ ಚಾಪೆ ಹಾಸುತ್ತಾರೆ, ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಬರುತ್ತದೆ, ಮಗುವೊಂದು ನೋಟು ಹಿಡಿದು ಹಾಲಿನ ಪ್ಯಾಕೆಟ್ ತರಲು ಅಂಗಡಿಗೆ ಓಡುತ್ತದೆ. ಅಷ್ಟರಲ್ಲಿ ಬಂದವರು, “ಬೇಡ ಬೇಡ ಅಮ್ಮಾ, ಈಗಷ್ಟೇ ಕುಡಿದು ಬಂದ್ವಿ” ಎಂದು ಎದ್ದು ನಿಲ್ಲುತ್ತಾರೆ. ಅವರ ಖರ್ಚು ಉಳಿಸಿದೆವು ಎಂಬ ಸಮಾಧಾನ ನಮಗೆ. ಆ ತಾಯಿಗೆ ಕೇಳಿಸುವುದು ಬೇರೆ. ಈ ನಾಡಿನಲ್ಲಿ ಯಾರ ಮನೆಯಲ್ಲಿ ಯಾರು ನೀರು ಕುಡಿಯುತ್ತಾರೆ, ಯಾರು ಕುಡಿಯುವುದಿಲ್ಲ ಎಂಬುದರ ಹಿಂದೆ ನೂರಾರು ವರ್ಷಗಳ ಅವಮಾನವಿದೆ. ಸಮಾರ್ಯದ ಬಾವಿಯ ಬಳಿ ಯೇಸುಸ್ವಾಮಿ ಆ ಹೆಣ್ಣುಮಗಳಿಗೆ ಮೊದಲು ಉಪದೇಶ ಮಾಡಲಿಲ್ಲ, ಕುಡಿಯಲು ನೀರು ಕೇಳಿದರು. ಯೆಹೂದ್ಯರು ಮುಟ್ಟದ ಕೊಡದಿಂದ ಕೇಳಿದರು. ಆಕೆ ಬೆರಗಾದದ್ದು ಅದಕ್ಕೇ. ನಾವು ಬಾಟಲಿ ನೀರು ಹಿಡಿದೇ ಒಳಗೆ ಹೋಗುತ್ತೇವೆ. ಹೊಟ್ಟೆಗೆ ಆಗದು ಎಂಬ ಭಯ ಹೊರನಾಡಿನ ಗೆಳೆಯರಿಗಿದ್ದರೆ ಕುದಿಸಿದ ಚಹಾ ಕುಡಿಯಲಿ, ಅದರಿಂದೇನೂ ಆಗದು. ಜಾತಿಯ ಈ ರೋಗ ದೇವಾಲಯದ ಹೊರಗೇ ಉಳಿದಿದೆ ಎಂದು ದಯವಿಟ್ಟು ಯಾರೂ ಹೇಳಬೇಡಿ. ಬಲಿಪೀಠದಲ್ಲಿ ಒಂದೇ ರೊಟ್ಟಿ ಹಂಚಿಕೊಂಡವರು ಮನೆಯ ಊಟಕ್ಕೆ ಬೇರೆಯಾಗುವುದನ್ನು ನಾನು ಕಂಡಿದ್ದೇನೆ.

ಒಂದೇ ಮನೆಯಲ್ಲಿರಿ ಎಂದ ಪ್ರಭುವಿನ ಮಾತಿಗೂ ಅರ್ಥವಿದೆ. ಆಕ್ಸ್‌ಫರ್ಡ್‌ನಲ್ಲಿ ಓದಿದ ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಬಳಿಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲೆಸಿದರು. ಜನರ ಗುರುತು ಕಾಯಲು ಊರಿಗೆ ‘ರಾಂಪುರ’ ಎಂದು ಬೇರೆ ಹೆಸರಿಟ್ಟು ಬರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಯಲ್ಲಿ ಅವರು ಸಿದ್ಧಪಡಿಸಿಟ್ಟಿದ್ದ ಟಿಪ್ಪಣಿಗಳೆಲ್ಲ ಸುಟ್ಟುಹೋದವು. ಆದರೂ ನೆನಪಿನಿಂದಲೇ ಬರೆದ ಅವರ ಪುಸ್ತಕ 1976ರಲ್ಲಿ ಬಂತು. ಜನರೊಂದಿಗೆ ಹಾಗೆ ಬದುಕಿದ್ದರಿಂದಲೇ ಕಾಗದ ಸುಟ್ಟರೂ ಮುಖಗಳು ಉಳಿದವು. ಅವರ ಇನ್ನೊಂದು ಮಾತು ನನಗೆ ಅದಕ್ಕಿಂತ ದೊಡ್ಡದು. ಊರಿನ ಮುಖಂಡರ ಆಶ್ರಯದಲ್ಲಿ ಇದ್ದುದರಿಂದ ಮೇಲ್ಜಾತಿಯವರ ಕಣ್ಣಿನಿಂದಲೇ ಹೆಚ್ಚಾಗಿ ಊರನ್ನು ಕಂಡೆ ಎಂದು ಅವರೇ ಒಪ್ಪಿಕೊಂಡರು. ಇಳಿದುಕೊಂಡ ಮನೆಯೇ ನಮಗೆ ಊರನ್ನು ತೋರಿಸುವ ಕಿಟಕಿ. ಆದ್ದರಿಂದ ಹೋದಲ್ಲಿ ಮೊದಲು ಕೇಳಿಕೊಳ್ಳಿ: ನನ್ನನ್ನು ಇಲ್ಲಿಗೆ ಕರೆತಂದವರು ಯಾರು? ಅವರಿಗೂ ಈ ಜನಕ್ಕೂ ಏನು ಸಂಬಂಧ? ನಾನು ಬರುವುದು ಈ ಜನರಿಗೆ ಬೇಕಿತ್ತೇ? ಬೇಡ ಎಂದರೆ ಮರಳಿ ಬನ್ನಿ. ಬರಮಾಡಿಕೊಳ್ಳದ ಊರಿನಿಂದ ಹೊರಟುಬನ್ನಿ ಎಂದು ಶಿಷ್ಯರಿಗೂ ಅಪ್ಪಣೆಯಾಗಿತ್ತು.

ಮಕ್ಕಳೇ, ಹೊರನಾಡಿನಲ್ಲಿ ನೀವೂ ಪರಕೀಯರೇ. ನೆಲಮಾಳಿಗೆಯ ಕೋಣೆಯೊಂದರಲ್ಲಿ ಮೂವರು ನಾಲ್ವರು ಮಲಗುವಿರಿ, ರಾತ್ರಿಪಾಳಿಯಲ್ಲಿ ಪಾತ್ರೆ ತೊಳೆಯುವಿರಿ. ಯಾರೋ ಬಂದು ನಿಮ್ಮ ಹಾಸಿಗೆ, ಒಲೆ, ಒಣಹಾಕಿದ ಬಟ್ಟೆಯ ಚಿತ್ರ ತೆಗೆದು ‘ಬಡ ಭಾರತೀಯರು’ ಎಂದು ಲೋಕಕ್ಕೆ ತೋರಿಸಿದರೆ ಹೇಗಾದೀತು? ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದುದನ್ನು ಮರೆಯಬೇಡಿ ಎಂದು ಇಸ್ರಯೇಲರಿಗೆ ದೇವರು ಮತ್ತೆ ಮತ್ತೆ ನೆನಪಿಸಿದರು. ನಾವೇನೂ ಬೇರೆಯಲ್ಲ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಉತ್ಪಾದನೆ ಶುರುವಾದ ಮೇಲೆ ಕುಲುಮೆಯ ಕೆಲಸ ಹುಡುಕಿಕೊಂಡು ಗಂಟುಮೂಟೆ ಕಟ್ಟಿ ಬಂದವರ ಮೊಮ್ಮಕ್ಕಳು ಈ ಬೆಂಚುಗಳಲ್ಲೇ ಕೂತಿದ್ದೀರಿ.

ಹೊರಡುವ ಮುನ್ನ ಒಂದು ಕೋರಿಕೆ. ನಿಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ, ಬೀದಿ ಗುಡಿಸುವ ಅಣ್ಣ ಯಾವ ಕೇರಿಯಲ್ಲಿದ್ದಾರೆ ಎಂದು ತಿಳಿದುಕೊಳ್ಳಿ. “ಯಾವಾಗ ಬಂದರೆ ನಿಮಗೆ ಅನುಕೂಲ?” ಎಂದು ಕೇಳಿ, ಅವರು ಹೇಳಿದ ದಿನ ಹೋಗಿ. ಇಬ್ಬರೇ ಹೋಗಿ, ಫೋನ್ ಜೇಬಿನಿಂದ ತೆಗೆಯಬೇಡಿ. ಚಾಪೆಯ ಮೇಲೆ ಕೂತು, ಅವರು ಬಡಿಸಿದ್ದನ್ನು ಉಂಡು, ಅವರನ್ನೂ ನಿಮ್ಮ ಮನೆಗೆ ಊಟಕ್ಕೆ ಕರೆದು ಬನ್ನಿ. ಆಮೇಲೆ ವಿಮಾನ ಹತ್ತಿ.