ನೂರು ಹೆಜ್ಜೆಯ ಲೆಕ್ಕ

ಸಿರುಗುಪ್ಪದಿಂದ ಬಳ್ಳಾರಿಗೆ 50 ಕಿಲೋಮೀಟರಿಗೂ ಹೆಚ್ಚು. ಕುರುಗೋಡಿನಿಂದ ಸುಮಾರು ಅದರ ಅರ್ಧ. ಗದ್ದೆ, ರೈಸ್‌ಮಿಲ್ಲು, ಭತ್ತದ ಲಾರಿಗಳ ಈ ಸೀಮೆಯಿಂದ ಕ್ಯಾನ್ಸರ್ ರೋಗಿಗಳು ಬಳ್ಳಾರಿ ಸೇರುವ ಬಗೆ ಹಲವು. ಕೈಯಲ್ಲಿ ನಾಲ್ಕು ಕಾಸಿದ್ದವರು ಬಾಡಿಗೆ ಕಾರು ಮಾಡಿಕೊಳ್ಳುತ್ತಾರೆ. ಇಲ್ಲದವರಿಗೆ ಬಸ್ಸು. ನಡುವಿನವರಿಗೆ ಬೈಕು: ಮಗ ಓಡಿಸುತ್ತಾನೆ, ತಾಯಿ ನಡುವೆ, ಆಕೆ ವಾಲದಂತೆ ಹಿಂದಿನಿಂದ ಹಿಡಿದುಕೊಂಡ ಸೊಸೆ. ಫೈಲು ಸೊಸೆಯ ಬಗಲಲ್ಲಿ. ಯಾವ ಆಸ್ಪತ್ರೆಗೆ ಹೋದರೂ ಗೇಟಿನಲ್ಲಿ ಇವರಿಗೆ ಎದುರಾಗುವ ಮೊದಲ ಪ್ರಶ್ನೆ ಗಾಡಿಯದು.

ಪಾರ್ಕಿಂಗ್ ಚೀಟಿಯನ್ನೂ ಚಿಂತನೆಗೆ ಎಳೆದು ತರಬೇಕೆ ಎಂದು ಯಾರಾದರೂ ನಕ್ಕಾರು. ಹತ್ತಿಪ್ಪತ್ತು ರೂಪಾಯಿಯ ಮಾತು, ನಿಜ. ಆದರೆ ಈ ರೋಗ ಮನುಷ್ಯನನ್ನು ಮತ್ತೆ ಮತ್ತೆ ಓಡಾಡಿಸುತ್ತದೆ. ರೇಡಿಯೇಷನ್, ಜನರ ಬಾಯಲ್ಲಿ ‘ಕರೆಂಟು ಕೊಡೋದು’, ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಹಲವು ವಾರ ನಡೆಯುತ್ತದೆ. ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ. ಸರದಿಗಾಗಿ ಕೂರುವುದು ಅರ್ಧ ದಿನವೂ ಆದೀತು. ಕೀಮೋ ಅನೇಕರಿಗೆ 21 ದಿನಕ್ಕೊಮ್ಮೆ, ನಡುನಡುವೆ ರಕ್ತಪರೀಕ್ಷೆ. ಗಂಟೆಗಿಷ್ಟು ಎಂದು ವಸೂಲಿ ಮಾಡುವ ಕಡೆ, ರಿಪೋರ್ಟು ತಡವಾದದ್ದಕ್ಕೂ ಡ್ರಿಪ್ಪು ನಿಧಾನ ಇಳಿದದ್ದಕ್ಕೂ ದಂಡ ಕಟ್ಟುವವನು ರೋಗಿಯೇ. ಸಿನಿಮಾಕ್ಕೆ ಬಂದವನು ಬೇಸರವಾದರೆ ಎದ್ದು ಹೋಗುತ್ತಾನೆ. ಸೂಜಿ ಚುಚ್ಚಿಸಿಕೊಂಡು ಮಲಗಿದವನು ಎಲ್ಲಿಗೆ ಹೋಗಬೇಕು? ತನ್ನ ಕೈಯಲ್ಲಿಲ್ಲದ ಸಮಯಕ್ಕೆ ಬಾಡಿಗೆ ತೆರುವುದು ಯಾವ ನ್ಯಾಯ? ಮೊತ್ತಕ್ಕಿಂತ ನನ್ನನ್ನು ಕಾಡುವುದು ಇದು.

ಬಸ್ಸಿನಲ್ಲಿ ಬರಲಿ ಎನ್ನುವವರಿದ್ದಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ಟಿನ ಚಿಂತೆಯೂ ಇಲ್ಲ, ದೊಡ್ಡ ಉಪಕಾರವೇ. ಆದರೆ ಕೀಮೋ ಆದ ಒಂದೆರಡು ವಾರದಲ್ಲಿ ಬಿಳಿ ರಕ್ತಕಣಗಳು ಇಳಿಯುತ್ತವೆ. ಆಗ ಗುಂಪಿನಲ್ಲಿ ಬೆರೆಯಬೇಡಿ, ಸೋಂಕು ತಗುಲೀತು ಎಂದು ವೈದ್ಯರೇ ಎಚ್ಚರಿಸುತ್ತಾರೆ. ರೇಡಿಯೇಷನ್ ಬಿದ್ದ ಚರ್ಮಕ್ಕೆ ಬಿಸಿಲು ತಾಕಿಸಬೇಡಿ ಎನ್ನುತ್ತಾರೆ. ಬಳ್ಳಾರಿಯ ಬೇಸಿಗೆಯೋ, 40 ಡಿಗ್ರಿ ದಾಟುವುದು ಇಲ್ಲಿ ಯಾರಿಗೂ ಸುದ್ದಿಯಲ್ಲ. ಇಂಥಲ್ಲಿ ಬಾಗಿಲ ಹತ್ತಿರ, ನೆರಳಲ್ಲಿ ಗಾಡಿ ನಿಲ್ಲಿಸಲು ಜಾಗ ಕೊಡುವುದು ಚಿಕಿತ್ಸೆಯದೇ ಒಂದು ಭಾಗ.

ಸರ್ಕಾರಕ್ಕೆ ದಾರಿಯ ಕಷ್ಟ ತಿಳಿಯದೆಂದಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇಲ್ಲಿಂದ 300 ಕಿಲೋಮೀಟರ್ ಆಸುಪಾಸು. ಚಿಕಿತ್ಸೆಗೆ ಹೊರಟ ಕ್ಯಾನ್ಸರ್ ರೋಗಿಗೆ ರೈಲ್ವೆ ಸ್ಲೀಪರ್ ದರ್ಜೆಯಲ್ಲಿ ದರವನ್ನೇ ಹಿಡಿಯುವುದಿಲ್ಲ. ಜೊತೆಗೆ ಹೋಗುವವರಿಗೂ ನೂರಕ್ಕೆ 75 ರಿಯಾಯಿತಿ. ಜೊತೆಗಾರನಿಲ್ಲದೆ ಈ ರೋಗಿ ಹೊರಡಲಾರ ಎಂಬುದನ್ನು ನಿಯಮ ಬರೆದವರು ಅರಿತಿದ್ದರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ರೈಲಿಗೆ ಲೆಕ್ಕವಿದೆ, ಹಾಸಿಗೆಗೆ ಲೆಕ್ಕವಿದೆ. ಗೇಟಿನಿಂದ ಓಪಿಡಿಯವರೆಗಿನ ನೂರು ಹೆಜ್ಜೆ ಮಾತ್ರ ಯಾರ ಖಾತೆಗೂ ಸೇರಿಲ್ಲ. ಅದನ್ನು ಟೆಂಡರ್ ಹಿಡಿದವರಿಗೆ ಬಿಟ್ಟುಬಿಡುವುದು ರೂಢಿ. ಚೀಟಿ ಹರಿಯುವ ಹುಡುಗನ ಮೇಲೆ ರೇಗಿ ಫಲವಿಲ್ಲ, ಅವನೂ ದಿನಗೂಲಿಯವನೇ.

ಗಾಲಿಕುರ್ಚಿಯ ಗುರುತಿರುವ ಜಾಗ ಇದ್ದರೂ ಇವರದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ನ್ಯೂನತೆಗಳಲ್ಲಿ ಕ್ಯಾನ್ಸರ್ ಇಲ್ಲ. ನೋಡುವವರಿಗೆ ಗಟ್ಟಿಮುಟ್ಟಾಗಿಯೇ ಕಾಣುವ ಹೆಂಗಸು ಹತ್ತು ಹೆಜ್ಜೆ ನಡೆದು ಕಂಬ ಹಿಡಿದು ನಿಲ್ಲುತ್ತಾಳೆ. ಬಳಲಿಕೆಗೆ ಸರ್ಟಿಫಿಕೇಟು ಯಾರು ಕೊಡುತ್ತಾರೆ?

ಬೇಸಿಗೆ ಬಂದರೆ ನಮ್ಮ ಊರುಗಳಲ್ಲಿ ಅರವಟ್ಟಿಗೆ ಇಡುತ್ತಾರೆ. ಯಾವ ಜಾತಿ, ಎಲ್ಲಿಂದ ಬಂದೆ, ಎಷ್ಟು ಹೊತ್ತು ಕೂತೆ ಎಂದು ಅಲ್ಲಿ ಕೇಳುವುದಿಲ್ಲ. ದಣಿದು ಬಂದಿರುವುದೇ ಅರ್ಹತೆ. ಈ ತಿಳಿವಳಿಕೆ ನಮ್ಮಲ್ಲಿ ಇಲ್ಲದ್ದಲ್ಲ. ಆಸ್ಪತ್ರೆಯ ಕಾಂಪೌಂಡಿನೊಳಗೆ ಅದು ದಾರಿ ತಪ್ಪಿದೆ, ಅಷ್ಟೆ.

ಪುಕ್ಕಟೆ ಮಾಡಿದರೆ ಅಕ್ಕಪಕ್ಕದ ಅಂಗಡಿಯವರ ಬೈಕೆಲ್ಲ ಒಳಗೆ ಬಂದು ನಿಲ್ಲುತ್ತವೆ, ರೋಗಿಗೇ ಜಾಗ ಸಿಗದು ಎಂಬ ಆಕ್ಷೇಪ ಸುಳ್ಳಲ್ಲ. ಬ್ರಿಟನ್ನಿನಲ್ಲಿ ಎರಡು ದಾರಿ ಹಿಡಿದರು. ವೇಲ್ಸ್ 2008ರಲ್ಲಿ ಬಹುತೇಕ ಆಸ್ಪತ್ರೆಗಳ ಶುಲ್ಕವನ್ನೇ ತೆಗೆಯಿತು. ಇಂಗ್ಲೆಂಡ್ ಹಾಗೆ ಮಾಡದೆ, 2020ರಿಂದ ಹಂತಹಂತವಾಗಿ, ಪದೇಪದೇ ಬರಲೇಬೇಕಾದವರಿಗೆ ಉಚಿತವೆಂದಿತು. ತಿಂಗಳಲ್ಲಿ ಕನಿಷ್ಠ 3 ಸಲ, ಒಟ್ಟು ಕನಿಷ್ಠ 3 ತಿಂಗಳು ಬರುವವರು ಎಂಬುದು ಅವರ ಅಳತೆ. ಅಕ್ಷರಕ್ಕೆ ಅಂಟಿಕೊಂಡರೆ ಐದು ವಾರ ದಿನವೂ ಕರೆಂಟು ಕೊಡಿಸಿಕೊಳ್ಳುವವರು ಅದರಲ್ಲಿ ಬರುವುದಿಲ್ಲ! ಅಳತೆಗೋಲು ಮಾಡುವಾಗ ರೋಗಿಯನ್ನು ಕೇಳದಿದ್ದರೆ ಹೀಗಾಗುತ್ತದೆ.

ನಮಗೆ ಅಷ್ಟು ದೊಡ್ಡ ನಿಯಮವೂ ಬೇಡ. ಕೀಮೋ ಅಥವಾ ರೇಡಿಯೇಷನ್ ಫೈಲಿನ ಮೇಲೊಂದು ಮೊಹರು, ಅದನ್ನು ತೋರಿಸಿದವರಿಗೆ ಬಾಗಿಲ ಬಳಿ ಶೆಡ್ಡಿನ ಕೆಳಗೆ ಬಿಟ್ಟಿ ಜಾಗ, ಇಳಿಸಿ ಹೋಗುವ ಆಟೋಗೆ ಒಳಗೆ ಬರಲು ಅವಕಾಶ. ಬಳ್ಳಾರಿಯ ಸರ್ಕಾರಿ, ಖಾಸಗಿ ಆಸ್ಪತ್ರೆಗಳ ಆಡಳಿತದವರಲ್ಲಿ ಒಂದೇ ಕೋರಿಕೆ: ಪಾರ್ಕಿಂಗ್ ಟೆಂಡರನ್ನು ಮುಂದಿನ ಸಲ ಕರೆಯುವಾಗ ಇಷ್ಟನ್ನು ಷರತ್ತಿನಲ್ಲಿ ಬರೆಯಿರಿ.